ತಕ್ಕಡಿ, ಸೇರು, ಕೊಳಗ: ಹಳೆಯ ಕೈಯುಪಕರಣಗಳ ಸಂಗ್ರಹ ಮತ್ತು ಶ್ರಾವಕಧರ್ಮ

ನಾನು ಸಮಿತಿಯ ಸದಸ್ಯನಾಗಿರುವ ಒಂದು ಬಸದಿಯ ಜೀರ್ಣೋದ್ಧಾರ ಕಾರ್ಯವು ಕೆಲವು ವರ್ಷಗಳ ಹಿಂದೆ ನೆರವೇರಿತು. ಗರ್ಭಗೃಹದ ಮೇಲಿನ ಸೋರಿಕೆ ನಿಂತು, ಮುಖಮಂಟಪದ ಕಲ್ಲುಗಳು ಮರಳಿ ಸ್ವಸ್ಥಾನ ಸೇರಿದ ಮೇಲೆ, ಕಡೆಗೆ ಉಗ್ರಾಣವನ್ನು ತೆರವು ಮಾಡುವ ಸರದಿ ಬಂದಿತು. ಮುರಿದ ದೀಪಸ್ತಂಭ, ತೂತು ಬಿದ್ದ ಕೊಪ್ಪರಿಗೆಗಳ ಹಿಂದೆ ಹಲಸಿನ ಮರದ ಒಂದು ಪೆಟ್ಟಿಗೆ ಇತ್ತು. ಅದರೊಳಗೆ ಕಬ್ಬಿಣದ ಕೋಲಿನ ಒಂದು ತಕ್ಕಡಿ, ಹನ್ನೊಂದು ತೂಕದ ಕಲ್ಲುಗಳು, ಬಾಯಿಗೆ ಹಿತ್ತಾಳೆಯ ಪಟ್ಟಿ ಬಿಗಿದ ಮರದ ಕೊಳಗ, ಸೇರು ಅಚ್ಚೇರು ಪಾವುಗಳ ಒಂದು ಸಾಲು, ಗಂಧ ಕೇಸರಿಗಳನ್ನು ತೂಗುವ ಪುಟ್ಟ ತ್ರಾಸು, ಇಷ್ಟು ಸಾಮಾನುಗಳು ದೊರೆತವು. ಇವನ್ನು ಗುಜರಿಗೆ ಕೊಟ್ಟು, ಬಂದ ಹಣವನ್ನು ಬಣ್ಣದ ಖರ್ಚಿಗೆ ಹಾಕಬೇಕೆಂದು ಸಭೆ ತೀರ್ಮಾನಿಸಿತು. ನಾನು ವ್ಯಾಪಾರಿಯಾದುದರಿಂದ ಬೆಲೆ ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂದಿತು. ಗುಜರಿಯವನು ತನ್ನ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಆ ಹಳೆಯ ತಕ್ಕಡಿಯನ್ನೂ ಕಲ್ಲುಗಳನ್ನೂ ಒಟ್ಟಿಗೆ ಇಟ್ಟು ತೂಗಿದಾಗ ನನ್ನ ಮನಸ್ಸು ಹಿಂಜರಿಯಿತು. "ಒಂದು ವಾರ ತಡೆಯಿರಿ" ಎಂದು ಅವನನ್ನು ಕಳುಹಿಸಿದೆನು. ಆ ವಾರದ ವಿಚಾರವೇ ಈ ಲೇಖನದ ಮೂಲ.

ಹಿಂಜರಿಕೆಗೆ ಕಾರಣ ನನ್ನದೇ ಹಳೆಯ ತಪ್ಪು. 1984ರಲ್ಲಿ ನಮ್ಮ ದಿನಸಿ ಅಂಗಡಿಯನ್ನು ಹೊಸದಾಗಿ ಕಟ್ಟಿಸಿದಾಗ, ತಾತನವರ ಕಾಲದ ತಕ್ಕಡಿ ಮತ್ತು ಕಲ್ಲುಗಳನ್ನು ನಾನೇ ಎತ್ತಿ ಕಂಚುಗಾರರ ಬೀದಿಯ ವ್ಯಾಪಾರಿಗೆ ತೂಕದ ಲೆಕ್ಕದಲ್ಲಿ ಕೊಟ್ಟಿದ್ದೆನು. ಬಿ.ಕಾಂ. ಓದಿ ಬಂದ ಹುಮ್ಮಸ್ಸಿನಲ್ಲಿ ಉಪಯೋಗವಿಲ್ಲದ ಸರಕು ಜಾಗ ಹಿಡಿಯಬಾರದೆಂಬುದೇ ಆಗ ನನ್ನ ಸಿದ್ಧಾಂತವಾಗಿತ್ತು. ಮನೆಯಲ್ಲಿ ಉಳಿದದ್ದು ಅಡಿಗೆಮನೆಯ ಎರಡು ಸೇರುಗಳು ಮಾತ್ರ. ಅವುಗಳ ವಿಷಯವನ್ನು ಮುಂದೆ ಹೇಳುವೆನು.

ಷಟ್ಕರ್ಮ ಮತ್ತು ಉಪಕರಣ

ಭಗವಾನ್ ಆದಿನಾಥರು ಕರ್ಮಭೂಮಿಯ ಆರಂಭದಲ್ಲಿ ಪ್ರಜೆಗಳಿಗೆ ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಉಪದೇಶಿಸಿದರೆಂಬುದು ಜಿನಸೇನಾಚಾರ್ಯರ ಆದಿಪುರಾಣವನ್ನು ಬಲ್ಲ ಎಲ್ಲರಿಗೂ ವಿದಿತವಾದ ವಿಷಯ. ಈ ಹೆಸರುಗಳನ್ನು ಗಮನಿಸಿದರೆ ಒಂದು ಸಂಗತಿ ಹೊಳೆಯುತ್ತದೆ. ಅಸಿ ಎಂದರೆ ಖಡ್ಗ, ಮಸಿ ಎಂದರೆ ಬರೆಯುವ ಶಾಯಿ. ಮೊದಲ ಎರಡು ವೃತ್ತಿಗಳಿಗೆ ಕೈಯಲ್ಲಿ ಹಿಡಿಯುವ ಸಾಧನದಿಂದಲೇ ಹೆಸರು ಬಂದಿದೆ. ಉಳಿದವಕ್ಕೂ ಸಾಧನಗಳುಂಟು: ಕೃಷಿಗೆ ನೇಗಿಲು, ಶಿಲ್ಪಕ್ಕೆ ಉಳಿ, ವಾಣಿಜ್ಯಕ್ಕೆ ತಕ್ಕಡಿ. ನಮ್ಮ ಸಮಾಜದಲ್ಲಿ ಹಲವರ ಪೂರ್ವಿಕರು ವಾಣಿಜ್ಯದಿಂದಲೇ ಬದುಕಿದವರು. ಆದರೆ ಕಂಠದಿಂದ ಕೊರೆದ ತಾಳೆಯೋಲೆಗಳನ್ನು ಕಾಪಾಡುವುದರಲ್ಲಿ ನಾವು ತೋರಿದ ಶ್ರದ್ಧೆಯನ್ನು ತಕ್ಕಡಿಯ ವಿಷಯದಲ್ಲಿ ತೋರಲಿಲ್ಲ. ಗ್ರಂಥವು ಪೂಜ್ಯ, ತಕ್ಕಡಿಯು ಕೇವಲ ಕಬ್ಬಿಣ ಎಂಬ ಭಾವನೆಯೇ ಇದಕ್ಕೆ ಕಾರಣವಿರಬೇಕು.

ಕೊಡಲಿ ಗುದ್ದಲಿಗಳಂತಹ ಸಾಧನಗಳನ್ನು ವಿವೇಚನೆಯಿಲ್ಲದೆ ಪರರಿಗೆ ಕೊಡುವುದನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹಿಂಸಾದಾನವೆಂಬ ಅನರ್ಥದಂಡದಲ್ಲಿ ಎಣಿಸಿದ್ದಾರೆ. ಅಂದರೆ ಉಪಕರಣದ ಗುಣದೋಷಗಳ ವಿಚಾರ ನಮ್ಮ ಆಚಾರ್ಯರಿಗೆ ಹೊಸದಲ್ಲ. ತಕ್ಕಡಿಯಲ್ಲಿ ಅಲಗಿಲ್ಲ, ಮೊನೆಯಿಲ್ಲ. ಆದರೂ ಕಿರುಬೆರಳಿನ ಒಂದು ಒತ್ತಿನಿಂದ ಅದು ಬಡವನ ಅನ್ನವನ್ನು ಕಸಿಯಬಲ್ಲದು. ಆದುದರಿಂದಲೇ ಲೋಕದಲ್ಲಿ ಇದರ ಮೇಲೆ ಇಟ್ಟಷ್ಟು ಕಾವಲನ್ನು ಬೇರೆ ಕೈಯುಪಕರಣಗಳ ಮೇಲೆ ಇಟ್ಟಂತೆ ಕಾಣುವುದಿಲ್ಲ.

ಪ್ರಾಚೀನ ಕಾಲದ ಕಾವಲು

ಸಿಂಧೂ ನಾಗರಿಕತೆಯ ನೆಲೆಗಳಲ್ಲಿ ಘನಾಕಾರದ ನುಣುಪಾದ ತೂಕದ ಕಲ್ಲುಗಳು ವಿಪುಲವಾಗಿ ದೊರೆತಿವೆ. ಅವು 1, 2, 4, 8, 16, 32, 64 ಎಂದು ದ್ವಿಗುಣವಾಗಿ ಏರುತ್ತವೆ. ಹದಿನಾರು ಪಾಲಿನ ಕಲ್ಲು ಸುಮಾರು 13.7 ಗ್ರಾಂ ತೂಗುತ್ತದೆ. ನೂರಾರು ಮೈಲಿ ಅಂತರದ ಊರುಗಳಲ್ಲಿಯೂ ಇದೇ ಪ್ರಮಾಣ ಕಂಡುಬಂದಿದೆ. ಆ ಜನರ ಲಿಪಿಯನ್ನು ನಾವು ಇಂದಿಗೂ ಒಪ್ಪಿತವಾಗಿ ಓದಲಾರೆವು. ಆದರೆ ಅವರ ವ್ಯಾಪಾರದ ಕ್ರಮವನ್ನು ಆ ಕಲ್ಲುಗಳಿಂದ ಓದಬಲ್ಲೆವು.

ಕೌಟಿಲ್ಯನ ಅರ್ಥಶಾಸ್ತ್ರವು ತೂಕ ಅಳತೆಗಳ ಮೇಲ್ವಿಚಾರಣೆಗೆ ಪೌತವಾಧ್ಯಕ್ಷನೆಂಬ ಅಧಿಕಾರಿಯನ್ನು ಹೇಳುತ್ತದೆ. ತೂಕದ ಬಟ್ಟುಗಳನ್ನು ಕಬ್ಬಿಣದಿಂದ, ಮಗಧ ಮತ್ತು ಮೇಕಲ ದೇಶದ ಶಿಲೆಯಿಂದ, ಇಲ್ಲವೇ ನೀರು ತಗುಲಿದರೆ ಹೆಚ್ಚದ, ಬಿಸಿಗೆ ಕುಗ್ಗದ ವಸ್ತುವಿನಿಂದ ಮಾಡಬೇಕೆಂದೂ, ನಾಲ್ಕು ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆ ಒತ್ತಬೇಕೆಂದೂ ಅಲ್ಲಿ ವಿಧಿಸಿದೆ. ಮನುಸ್ಮೃತಿಯಲ್ಲಿ ಆರು ತಿಂಗಳಿಗೊಮ್ಮೆ ಪರೀಕ್ಷೆಯ ವಿಧಿಯಿದೆ. ಅಂಗಡಿಗೆ ಬರುವ ಮುದ್ರೆಯ ಅಧಿಕಾರಿಯನ್ನು ಕಂಡು ಮುಖ ಸಿಂಡರಿಸುವ ನಮ್ಮ ವರ್ತಕ ಮಿತ್ರರು ಈ ಪರಂಪರೆ ಎಷ್ಟು ಹಳೆಯದೆಂಬುದನ್ನು ನೆನೆಯಬೇಕು.

ನಮ್ಮ ನಾಡಿನ ಕಡೆಗೆ ಬಂದರೆ, ಶಾಸನಗಳಲ್ಲಿ ಖಂಡುಗ, ಕೊಳಗ, ಬಳ್ಳ, ಮಾನ, ಸೊಲ್ಲಗೆ ಎಂಬ ಹೆಸರುಗಳು ಪದೇ ಪದೇ ಬರುತ್ತವೆ. ದೀಪಕ್ಕಾಗಿ ಗಾಣದ ಲೆಕ್ಕದಲ್ಲಿ ಸೊಲ್ಲಗೆ ಎಣ್ಣೆ ಬಿಟ್ಟ ದಾನಗಳು ಸಾಮಾನ್ಯ. ಶ್ರವಣಬೆಳಗೊಳದಲ್ಲಿ 13ನೆಯ ಶತಮಾನದ ಕೆಲವು ಶಾಸನಗಳಿವೆ. ಗೊಮ್ಮಟದೇವರ ನಿತ್ಯಾಭಿಷೇಕಕ್ಕೆಂದು ದಾನಿಗಳು ಹೊನ್ನನ್ನು ಮೂಲಧನವಾಗಿ ಇಟ್ಟು, ಅದರ ಬಡ್ಡಿಯಿಂದ ದಿನವೂ ಇಂತಿಷ್ಟು ಹಾಲು ಸಲ್ಲತಕ್ಕದ್ದೆಂದು ಅವುಗಳಲ್ಲಿ ಗೊತ್ತುಮಾಡಿದ್ದಾರೆ. ಹೊನ್ನು ಇಟ್ಟವನು ಕಾಲವಾದ ಮೇಲೆಯೂ ಹಾಲು ನಿಲ್ಲಬಾರದೆಂಬುದು ಅವನ ಆಶಯ. ಆ ಆಶಯವನ್ನು ಕಾಯುತ್ತಿದ್ದವರು ಇಬ್ಬರು: ಕಲ್ಲಿನ ಮೇಲಿನ ಅಕ್ಷರ ಒಂದು, ಹಾಲು ಅಳೆಯುವ ಪಾತ್ರೆ ಇನ್ನೊಂದು. ಪಾತ್ರೆ ಕಿರಿದಾದರೆ ಶಾಸನದಲ್ಲಿ ಒಂದಕ್ಷರವೂ ಅಳಿಯದೆ ದಾನವು ಕುಗ್ಗುತ್ತದೆ.

ಮಾನ ಪ್ರಮಾಣಗಳ ಶಾಸ್ತ್ರದಲ್ಲಿಯೂ ಜೈನರ ಪಾಲು ದೊಡ್ಡದು. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹವು ಲೆಕ್ಕಗಳಿಗೆ ತೊಡಗುವ ಮೊದಲೇ ಕ್ಷೇತ್ರ, ಕಾಲ, ಧಾನ್ಯ, ಸುವರ್ಣ, ರಜತ, ಲೋಹ ಇವುಗಳ ಪ್ರಮಾಣಗಳನ್ನು ವಿವರಿಸುತ್ತದೆ. ಈ ಗ್ರಂಥವು ಕನ್ನಡ ಅನುವಾದದೊಡನೆ 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ. 12ನೆಯ ಶತಮಾನದ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ಬರೆದನು. ಗ್ರಂಥಗಳು ಹೀಗೆ ಉಳಿದುಬಂದವು. ಅವುಗಳ ಲೆಕ್ಕವನ್ನು ಬೀದಿಯಲ್ಲಿ ನಡೆಸಿದ ಉಪಕರಣಗಳು ಬಹುಪಾಲು ಕರಗಿಹೋದವು.

ಒಂದು ಹೆಸರು, ಹಲವು ತೂಕ

ಹಳೆಯ ತೂಕದ ಕಲ್ಲನ್ನು ಉಳಿಸಿಕೊಳ್ಳುವುದರಿಂದ ಏನು ಪ್ರಯೋಜನ ಎಂದು ಸಭೆಯಲ್ಲಿ ಒಬ್ಬ ಹಿರಿಯರು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ನನಗೆ ನನ್ನ ತಪ್ಪಿನಿಂದಲೇ ದೊರೆಯಿತು.

ವೆಲ್ಲೆಸ್ಲಿಯ ಆಜ್ಞೆಯಂತೆ 1800 ಮತ್ತು 1801ರಲ್ಲಿ ಮೈಸೂರು ಸೀಮೆ, ಮಲೆಯಾಳ, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅಲ್ಲಲ್ಲಿನ ತೂಕ ಅಳತೆಗಳನ್ನು ಬಿಡದೆ ದಾಖಲಿಸಿದ್ದಾನೆ. ಊರಿಂದ ಊರಿಗೆ ಅವು ಬದಲಾಗುತ್ತಿದ್ದವು. 1833ರಲ್ಲಿ ಕಂಪನಿ ಸರ್ಕಾರವು 180 ಗ್ರೇನಿನ ತೊಲವನ್ನು ಪ್ರಮಾಣವಾಗಿ ಗೊತ್ತುಮಾಡಿತು. ಅದು ನಮ್ಮ ಈಗಿನ ಲೆಕ್ಕದಲ್ಲಿ 11.66 ಗ್ರಾಂ. ಎಂಬತ್ತು ತೊಲದ ಪಕ್ಕಾ ಸೇರು 933 ಗ್ರಾಂ. ನಲವತ್ತು ಪಕ್ಕಾ ಸೇರಿನ ಮಣ 37.32 ಕಿಲೋ. ಆದರೆ ಹಳೆಯ ಮೈಸೂರು ಸೀಮೆಯ ಪೇಟೆಗಳಲ್ಲಿ ಇಪ್ಪತ್ತನಾಲ್ಕು ರೂಪಾಯಿ ತೂಕದ ಕಚ್ಚಾ ಸೇರು ಬಹುಕಾಲ ನಡೆಯಿತು. ಅದು ಕೇವಲ 280 ಗ್ರಾಂ; ಅದರ ಮಣ ಸುಮಾರು 11.2 ಕಿಲೋ. ಸಾಲದುದಕ್ಕೆ ಸೇರು ಎಂಬ ಹೆಸರು ತೂಕಕ್ಕೂ ಸಲ್ಲುತ್ತಿತ್ತು, ಧಾನ್ಯ ಅಳೆಯುವ ಪಾತ್ರೆಗೂ ಸಲ್ಲುತ್ತಿತ್ತು.

ನಮ್ಮ ಬಸದಿಯ ಸ್ಮರಣಸಂಚಿಕೆಗೆ ಹಿಂದೊಮ್ಮೆ ನಾನೇ ಒಂದು ಲೇಖನ ಬರೆದಿದ್ದೆನು. 1930ರ ದಶಕದ ಲೆಕ್ಕದ ಪುಸ್ತಕದಲ್ಲಿ ಹುಣ್ಣಿಮೆಯ ಅಭಿಷೇಕಕ್ಕೆ "ಸಕ್ಕರೆ 2 ಸೇರು" ಎಂದು ಇದ್ದುದನ್ನು ಕಂಡು, ಹೆಚ್ಚುಕಡಿಮೆ ಎರಡು ಕಿಲೋ ಸಕ್ಕರೆ ಸಲ್ಲುತ್ತಿತ್ತೆಂದೂ, ಆ ಕಾಲದಲ್ಲಿ ಬಸದಿಯು ಬಹು ಸಂಪನ್ನವಾಗಿತ್ತೆಂದೂ ಅದರಲ್ಲಿ ಹೆಮ್ಮೆಯಿಂದ ಬರೆದಿದ್ದೆನು. ಪೆಟ್ಟಿಗೆಯಲ್ಲಿ ಸೇರಿನ ಗುರುತಿದ್ದ ಕಲ್ಲನ್ನು ಈಗ ತೂಗಿದಾಗ ಅದು 278 ಗ್ರಾಂ ಬಂದಿತು. ತುಕ್ಕಿಗೆ ಒಂದೆರಡು ಗ್ರಾಂ ಹೋಗಿರಬೇಕು. ಅದು ಕಚ್ಚಾ ಸೇರು. ಅಂದರೆ ಅಂದು ಸಂದ ಸಕ್ಕರೆ 560 ಗ್ರಾಂ ಮಾತ್ರ. ನನ್ನ ಲೆಕ್ಕ ಮೂರು ಪಟ್ಟಿಗೂ ಮಿಗಿಲಾಗಿ ತಪ್ಪಿತ್ತು. ಆ ದಿನಗಳಲ್ಲಿ ನಮ್ಮ ಹಿರಿಯರು ಬಡತನದಲ್ಲಿಯೂ ಅಭಿಷೇಕವನ್ನು ತಪ್ಪಿಸಲಿಲ್ಲವೆಂಬುದೇ ಸತ್ಯ; ಅದು ಸಂಪತ್ತಿಗಿಂತ ದೊಡ್ಡ ಮಾತು. ಕಲ್ಲು ಗುಜರಿಗೆ ಹೋಗಿದ್ದರೆ ಈ ಸತ್ಯ ತಿಳಿಯುತ್ತಿರಲಿಲ್ಲ. ಲೆಕ್ಕದ ಪುಸ್ತಕಗಳನ್ನು ಬೀರುವಿನಲ್ಲಿ ಭದ್ರವಾಗಿಟ್ಟು ಸೇರನ್ನು ಮಾರುವುದೆಂದರೆ, ಬೀಗವನ್ನು ಉಳಿಸಿಕೊಂಡು ಬೀಗದಕೈಯನ್ನು ಎಸೆದಂತೆ.

ಕರಗಿಹೋದ ಕಾಲ

ಸ್ವಾತಂತ್ರ್ಯಾನಂತರ ದಶಮಾನ ಪದ್ಧತಿ ಬಂದಿತು. 1956ರಲ್ಲಿ ತೂಕ ಮತ್ತು ಅಳತೆಗಳ ಪ್ರಮಾಣ ಕಾಯಿದೆಯಾಯಿತು. 1957ರ ಏಪ್ರಿಲ್ 1ರಿಂದ ನಯೇ ಪೈಸೆ ಚಲಾವಣೆಗೆ ಬಂದವು. 1958ರ ಅಕ್ಟೋಬರ್ 1ರಿಂದ ಮೆಟ್ರಿಕ್ ತೂಕಗಳು ಹಂತಹಂತವಾಗಿ ಜಾರಿಗೆ ಬಂದು, 1962ರ ಏಪ್ರಿಲ್ ವೇಳೆಗೆ ಕಡ್ಡಾಯವಾದವು. ಊರೂರಿಗೆ ಬೇರೆಬೇರೆ ಮಣಗಳಿಂದ ರೈತನು ಮೋಸಹೋಗುತ್ತಿದ್ದುದನ್ನು ತಪ್ಪಿಸಿದ ಈ ಸುಧಾರಣೆ ಬಹು ಯೋಗ್ಯವಾದದ್ದು. ಅದನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಅಂಗಡಿ ಅಂಗಡಿಯ ಪಂಚೇರು, ಸೇರು, ಪಾವು, ಚಟಾಕುಗಳು ಕೆಲವೇ ವರ್ಷಗಳಲ್ಲಿ ವ್ಯವಹಾರಕ್ಕೆ ಬಾರದವಾದವು. ಕೆಲವು ಅಟ್ಟ ಏರಿದವು, ಬಹುಪಾಲು ಮೂಸೆಗೆ ಇಳಿದವು. ಗುಲಗಂಜಿಯಿಂದ ಚಿನ್ನ ತೂಗುತ್ತಿದ್ದ ಅಕ್ಕಸಾಲಿಗರ ತ್ರಾಸುಗಳಿಗೂ ಇದೇ ಗತಿಯಾಯಿತು.

ಹಳೆಯ ತಕ್ಕಡಿಯನ್ನು ಓದುವ ಬಗೆ

ಹಳೆಯ ಉಪಕರಣವನ್ನು ಮೆಚ್ಚುವುದೆಂದರೆ ಅದರ ಹೊಳಪನ್ನು ಮೆಚ್ಚುವುದೆಂದು ಹಲವರು ತಿಳಿದಿದ್ದಾರೆ. ಅದನ್ನು ಮೆಚ್ಚಬೇಕಾದರೆ ಮೊದಲು ಓದಬೇಕು. ತಕ್ಕಡಿಯ ಕೋಲಿನ ನಡುವೆ ಅದು ಆಡುವ ಕೀಲನ್ನು ನೋಡಿರಿ. ಒಳ್ಳೆಯ ಕಮ್ಮಾರನು ಅಲ್ಲಿ ಕತ್ತಿಯ ಬಾಯಿಯಂತಹ ಚೂಪಾದ ಅಂಚನ್ನು ಇಟ್ಟಿರುತ್ತಾನೆ. ತಾಗುವ ಜಾಗ ಕಿರಿದಾದಷ್ಟೂ ಘರ್ಷಣೆ ಕಡಿಮೆಯಾಗಿ ಮುಳ್ಳು ಸಣ್ಣ ತೂಕಕ್ಕೂ ಅಲುಗುತ್ತದೆ. ಎರಡು ತೋಳುಗಳ ಉದ್ದ ಸಮವಾಗಿರಬೇಕು. ಸಮವಿಲ್ಲದಿದ್ದರೂ, ಒಂದು ತಟ್ಟೆಯನ್ನು ತುಸು ಭಾರ ಮಾಡಿದರೆ ಬರಿದಾದ ತಕ್ಕಡಿ ನೆಟ್ಟಗೆ ನಿಂತು ನೋಡುವವರ ಕಣ್ಣಿಗೆ ಮಣ್ಣೆರಚುತ್ತದೆ. ಈ ಮೋಸವನ್ನು ಹಿಡಿಯಲು ಒಂದು ಸುಲಭ ಉಪಾಯವಿದೆ: ಕಲ್ಲನ್ನೂ ಸರಕನ್ನೂ ಅದಲುಬದಲು ಮಾಡಿ ತೂಗಬೇಕು. ಒಂದು ಕಡೆ 1000 ಗ್ರಾಂ ಕಲ್ಲಿಗೆ 980 ಗ್ರಾಂ ಸರಕು ಸಮವೆನಿಸಿದರೆ, ತಟ್ಟೆ ಬದಲಿಸಿದಾಗ ಸುಮಾರು 1020 ಗ್ರಾಂ ಬೇಕಾಗುತ್ತದೆ. ಸತ್ಯವಾದ ತಕ್ಕಡಿಗೆ ಎಡಬಲಗಳ ಭೇದವಿಲ್ಲ.

ತೂಕದ ಕಲ್ಲನ್ನು ಬೋರಲು ಹಾಕಿ ನೋಡಬೇಕು. ಎರಕದ ಕಬ್ಬಿಣದ ಕಲ್ಲುಗಳ ತಳದಲ್ಲಿ ಕುಳಿಯೊಂದನ್ನು ಬಿಟ್ಟು ಸೀಸ ತುಂಬಿ ತೂಕವನ್ನು ಸರಿಪಡಿಸುವುದುಂಟು. ಆ ಸೀಸದ ಮೇಲೆ ಅಧಿಕಾರಿಯ ಮುದ್ರೆ ಬೀಳುತ್ತದೆ. ಸೀಸ ಕಿತ್ತುಹೋದ ಕಲ್ಲು ತಾನಾಗಿ ಸವೆದದ್ದೋ, ಸವೆಯಿಸಿದ್ದೋ ಎಂಬುದನ್ನು ಅಂಚಿನ ಗುರುತು ಹೇಳುತ್ತದೆ. ಕೊಳಗದ ಬಾಯಿಗೆ ಬಿಗಿದ ಲೋಹದ ಪಟ್ಟಿ ಅಲಂಕಾರಕ್ಕಾಗಿ ಹಾಕಿದ್ದಲ್ಲ. ಧಾನ್ಯವನ್ನು ಬಾಯಿಮಟ್ಟಕ್ಕೆ ಕೋಲು ಎಳೆದು ಅಳೆಯುವಾಗ ಮರ ಸವೆದು ಅಳತೆ ಇಳಿಯದಿರಲೆಂದು ಅದನ್ನು ಹಾಕುತ್ತಿದ್ದರು. ಇಂತಹ ಕೊಳಗವನ್ನು ಕೈಯಲ್ಲಿ ಹಿಡಿದಾಗ, ಮೊದಲನೆಯ ಅಳತೆಗೆ "ಒಂದು" ಎನ್ನದೆ "ಲಾಭ" ಎಂದು ಎಣಿಕೆ ತೊಡಗುತ್ತಿದ್ದ ಕಣದ ಹಿರಿಯರ ಧ್ವನಿ ನನಗೆ ಕೇಳಿದಂತಾಗುತ್ತದೆ.

ಎರಡು ಸೇರುಗಳು

ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದೆಂದು ತತ್ತ್ವಾರ್ಥಸೂತ್ರವು ಹೇಳುತ್ತದೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುತ್ತ, ಪಾತ್ರೆಯಿಂದ ಅಳೆಯುವುದು ಮಾನ, ತಕ್ಕಡಿಯಿಂದ ತೂಗುವುದು ಉನ್ಮಾನ; ಕಿರಿದಾದುದರಿಂದ ಪರರಿಗೆ ಕೊಟ್ಟು ಹಿರಿದಾದುದರಿಂದ ತಾನು ಕೊಳ್ಳುವುದೇ ಈ ದೋಷವೆಂದು ತಿಳಿಸಿದ್ದಾರೆ. ಈ ವ್ಯಾಖ್ಯಾನವನ್ನು ನಾನು ಸ್ವಾಧ್ಯಾಯದಲ್ಲಿ ಹಲವು ಬಾರಿ ಓದಿದ್ದೆನು, ಪರರಿಗೆ ಓದಿ ಹೇಳಿಯೂ ಇದ್ದೆನು. ಅದು ನಮ್ಮ ಅಡಿಗೆಮನೆಯಲ್ಲಿಯೇ ಇದೆಯೆಂದು ತಿಳಿದಿರಲಿಲ್ಲ.

ಬಸದಿಯ ಸೇರನ್ನು ನೀರು ತುಂಬಿ ಅಳೆದ ದಿನ, ಮನೆಗೆ ಬಂದು ತಾತನವರ ಅಂಗಡಿಯಿಂದ ಉಳಿದಿದ್ದ ಎರಡು ಹಿತ್ತಾಳೆಯ ಸೇರುಗಳನ್ನೂ ಹಾಗೆಯೇ ಅಳೆದೆನು. ಹೊರಗಿನಿಂದ ಅವು ಒಂದೇ ಅಚ್ಚಿನವು. ಆದರೆ ಒಂದರಲ್ಲಿ ಹಿಡಿದ ನೀರು ಇನ್ನೊಂದಕ್ಕಿಂತ ನಲವತ್ತರಲ್ಲಿ ಒಂದು ಪಾಲು ಕಡಿಮೆಯಿತ್ತು. ಮೊದಲು, ಎರಡು ಊರಿನ ಅಳತೆಗಳಿರಬಹುದೆಂದು ಸಮಾಧಾನ ತಂದುಕೊಂಡೆನು. ದೀಪ ಹಿಡಿದು ನೋಡಿದಾಗ, ಕಿರಿದಾದುದರ ಒಳತಳಕ್ಕೆ ಇನ್ನೊಂದು ತೆಳುವಾದ ತಗಡನ್ನು ಬೆಸೆದಿರುವುದು ಕಂಡಿತು. ಹಿರಿದಾದುದರ ಮೇಲೆ ಸರ್ಕಾರಿ ಮುದ್ರೆಯ ಗುರುತಿತ್ತು. ಕಿರಿದಾದುದರ ಮೇಲೆ ಇರಲಿಲ್ಲ. ನಲವತ್ತಕ್ಕೆ ಒಂದು ಎಂದರೆ ನಲವತ್ತು ಸೇರು ಅಳೆದಾಗ ಒಂದು ಸೇರು ಅಂಗಡಿಯಲ್ಲಿಯೇ ಉಳಿಯುತ್ತದೆ. ಕೊಂಡವನ ಕೈಗೆ ಅದು ತಿಳಿಯುವುದಿಲ್ಲ. ತಿಂಗಳ ಕೊನೆಯಲ್ಲಿ ಅವನ ಮನೆಯ ಮಡಕೆಗೆ ತಿಳಿಯುತ್ತದೆ.

ಆಗ ನನಗೆ ತಾಯಿಯವರ ನೆನಪಾಯಿತು. ಅವರು ಬದುಕಿರುವವರೆಗೂ ಆ ಎರಡು ಸೇರುಗಳನ್ನು ಅಕ್ಕಿಯ ಡಬ್ಬದಲ್ಲಿ ಇಡುತ್ತಿದ್ದರು. ಮನೆಯ ಅಡಿಗೆಗೆ ಒಂದರಿಂದ ಅಳೆಯುತ್ತಿದ್ದರು. ಮನೆಗೆಲಸದವರಿಗಾಗಲಿ, ಬಾಗಿಲಿಗೆ ಬಂದವರಿಗಾಗಲಿ, ನೆರೆಮನೆಯ ಕೈಸಾಲ ತೀರಿಸುವುದಕ್ಕಾಗಲಿ ಇನ್ನೊಂದರಿಂದ ಅಳೆಯುತ್ತಿದ್ದರು. ಒಮ್ಮೆ ನಾನು ಬಾಲ್ಯದಲ್ಲಿ ತಪ್ಪಿ ಬೇರೆಯದನ್ನು ಎತ್ತಿದಾಗ, "ಅದು ನಮಗೆ ಕಣಪ್ಪ, ಕೊಡೋದಕ್ಕೆ ಇದು" ಎಂದು ಕೈಯಿಂದ ತೆಗೆದುಕೊಂಡಿದ್ದರು. ಕೊಡಲು ಬಳಸುತ್ತಿದ್ದುದು ಮುದ್ರೆಯಿದ್ದ ಹಿರಿಯ ಸೇರು. ಸೊಸೆಯಾಗಿ ಬಂದ ಮನೆಯ ವಿಷಯವನ್ನು ಅವರು ಯಾರ ಮುಂದೆಯೂ ಆಡಿದವರಲ್ಲ. ಸುಮಾರು ಐವತ್ತು ವರ್ಷ ಪ್ರತಿದಿನವೂ ಅಳೆದು ತೀರಿಸಿದರು.

ಬಚ್ಚಿಡಬೇಕೇ, ತೋರಿಸಬೇಕೇ?

ಕಿರಿಯ ಸೇರನ್ನು ಕರಗಿಸಿಬಿಡೋಣವೆಂದು ನನ್ನ ಅಣ್ಣನವರು ಹೇಳಿದರು. "ತಾತ ಈ ಊರಿಗೆ ಛತ್ರ ಕಟ್ಟಿಸಿದವರು. ಆ ಹೆಸರನ್ನು ಒಂದು ತಗಡಿನ ಚೂರಿಗಾಗಿ ಕೆಡಿಸುತ್ತೀಯಾ?" ಎಂಬುದು ಅವರ ಮಾತು. ಅದರಲ್ಲಿ ನೋವಿತ್ತು, ನಾನು ಅಲ್ಲಗಳೆಯಲಾರೆ. ಇದಕ್ಕೆ ಉತ್ತರವನ್ನು ಹುಡುಕುತ್ತ, ಬೇರೆ ದೇಶಗಳಲ್ಲಿ ಇಂತಹ ಸಂಗ್ರಹ ಮಾಡಿದವರು ಏನು ಮಾಡಿದರೆಂದು ಓದಿದೆನು.

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡಾಯ್ಲ್ಸ್‌ಟೌನ್ ಎಂಬ ಊರಿನಲ್ಲಿ ಹೆನ್ರಿ ಮರ್ಸರ್ ಎಂಬವನಿದ್ದನು. ಜನನ 1856, ಮರಣ 1930. ಪ್ರಾಗಿತಿಹಾಸದ ವಿದ್ವಾಂಸನಾಗಿ ನೆಲದಡಿಯ ಕಲ್ಲಿನ ಆಯುಧಗಳನ್ನು ಶೋಧಿಸುತ್ತಿದ್ದವನು. 1897ರಲ್ಲಿ ಹಳೆಯ ಕಾಲದ ಬೆಂಕಿಯಿಕ್ಕುಳವೊಂದನ್ನು ಅರಸುತ್ತ ಹಳೆಸಾಮಾನಿನ ವ್ಯಾಪಾರಿಯ ಬಳಿಗೆ ಹೋದಾಗ, ಅಲ್ಲಿ ಬಡಗಿ, ಕಮ್ಮಾರ, ನೇಕಾರರ ಕೈಯುಪಕರಣಗಳು ರಾಶಿಯಾಗಿ ಬಿದ್ದಿದ್ದುದನ್ನು ಕಂಡನು. ಯಂತ್ರಗಳು ಬಂದು ಅವು ಕಸವಾಗಿದ್ದವು. ಸಾವಿರಾರು ವರ್ಷಗಳ ಹಿಂದಿನ ಕೊಡಲಿಗಾಗಿ ನೆಲ ಅಗೆಯುವ ನಾವು, ತಾತನ ಕೊಡಲಿಯನ್ನು ಎಸೆಯುತ್ತಿದ್ದೇವಲ್ಲ ಎಂಬ ಅರಿವು ಅವನನ್ನು ಹಿಡಿಯಿತು. ಅಂದಿನಿಂದ ಸಂಗ್ರಹಿಸತೊಡಗಿ, ಬೆಂಕಿಗೆ ಅಳುಕದ ಕಾಂಕ್ರೀಟಿನ ವಸ್ತುಸಂಗ್ರಹಾಲಯವನ್ನು 1913ರಿಂದ 1916ರವರೆಗೆ ಕಟ್ಟಿಸಿ ಜಿಲ್ಲೆಯ ಇತಿಹಾಸ ಸಂಘಕ್ಕೆ ಒಪ್ಪಿಸಿದನು. 1929ರಲ್ಲಿ ಬಡಗಿಯ ಪ್ರಾಚೀನ ಉಪಕರಣಗಳ ಮೇಲೆ ಅವನು ಬರೆದ ಗ್ರಂಥ ಇಂದಿಗೂ ಆಧಾರಗ್ರಂಥ. ಆ ಸಂಗ್ರಹದಲ್ಲಿ ತೊಟ್ಟಿಲೂ ಇದೆ, ನೇಣುಗಂಬವೂ ಇದೆ. ತನ್ನ ಜನರ ಕೈಗಳು ಮಾಡಿದ್ದೆಲ್ಲವನ್ನೂ ಅವನು ಉಳಿಸಿದನು, ಒಪ್ಪುವುದನ್ನು ಮಾತ್ರ ಆರಿಸಲಿಲ್ಲ.

ನಮ್ಮ ದೇಶದಲ್ಲಿಯೂ ಇಂತಹವರಿದ್ದರು. ಪುಣೆಯ ದಿನಕರ ಕೇಳ್ಕರರು (1896-1990) ಬಾಲ್ಯದಲ್ಲಿಯೇ ತೀರಿಕೊಂಡ ಮಗ ರಾಜಾನ ನೆನಪಿಗಾಗಿ ದೀಪ, ಅಡಕತ್ತರಿ, ಅಡಿಗೆಯ ಪಾತ್ರೆಗಳಂತಹ ದಿನಬಳಕೆಯ ವಸ್ತುಗಳನ್ನು ಜೀವಮಾನವಿಡೀ ಕೂಡಿಸಿ, ಕೊನೆಗೆ ಎಲ್ಲವನ್ನೂ ಮಹಾರಾಷ್ಟ್ರ ಸರ್ಕಾರಕ್ಕೆ ಒಪ್ಪಿಸಿದರು. ನಮ್ಮ ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯವನ್ನು ಬಲ್ಲವರಿಗೆ ಈ ಮಾತು ವಿಸ್ತರಿಸಬೇಕಾಗಿಲ್ಲ.

ಇಲ್ಲಿ ಪರಿಗ್ರಹದ ಪ್ರಶ್ನೆ ಏಳುತ್ತದೆ. ವಸ್ತುವಿನ ಮೇಲಿನ ಮಮತ್ವವನ್ನೇ ಆಗಮವು ಪರಿಗ್ರಹವೆಂದಿದೆ. ಹಾಗಿದ್ದರೆ ಸಂಗ್ರಹಾಸಕ್ತಿಯು ಶ್ರಾವಕನಿಗೆ ದೋಷವಲ್ಲವೇ? ಹಳೆಯ ಹಿತ್ತಾಳೆಯ ಸೇರನ್ನು ಉಜ್ಜಿ ಬೆಳಗಿಸಿ ದಿವಾನಖಾನೆಯಲ್ಲಿ ಹೂವಿನ ಕುಂಡವಾಗಿ ಇಟ್ಟು ಬಂದವರಿಗೆಲ್ಲ ಬೆಲೆ ಹೇಳುವವನಿಗೆ ನಿಶ್ಚಯವಾಗಿ ಅದು ದೋಷವೇ. ಬಸದಿಯ ಪೆಟ್ಟಿಗೆಯ ವಿಷಯದಲ್ಲಿಯೂ ಒಬ್ಬರು, "ಅಷ್ಟು ಆಸೆಯಿದ್ದರೆ ನೀವೇ ಕೊಂಡುಬಿಡಿ" ಎಂದರು. ಕ್ಷಣಕಾಲ ಆಸೆಯಾಯಿತೆಂದು ಒಪ್ಪಿಕೊಳ್ಳುತ್ತೇನೆ. ಆದರೆ ದೇವದ್ರವ್ಯವನ್ನು ಕಾಯಬೇಕಾದ ಸಮಿತಿಯ ಸದಸ್ಯನೇ ಅದನ್ನು ಬೆಲೆಗೆ ತನ್ನ ಮನೆಗೆ ಒಯ್ಯುವುದು ತಕ್ಕಡಿಗೆ ಬೆರಳು ಒತ್ತಿದಂತೆಯೇ ಸರಿ. ಗುಜರಿಯವನು ಹೇಳಿದ್ದಷ್ಟು ಹಣವನ್ನು ಬಣ್ಣದ ನಿಧಿಗೆ ಕಾಣಿಕೆಯಾಗಿ ಕೊಟ್ಟು, ಪೆಟ್ಟಿಗೆಯನ್ನು ಬಸದಿಯಲ್ಲಿಯೇ ಉಳಿಸಿದೆನು.

ಟ್ರಸ್ಟುಗಳಿಗೆ ಕೆಲವು ವಿನಂತಿಗಳು

ನಮ್ಮ ಬಸದಿ, ಮಠ, ಛತ್ರಗಳ ಉಗ್ರಾಣಗಳಲ್ಲಿ ಇಂತಹ ಪೆಟ್ಟಿಗೆಗಳು ಇನ್ನೂ ಇರಬಹುದು. ಜೀರ್ಣೋದ್ಧಾರ ಕೈಗೊಳ್ಳುವ ಸಮಿತಿಗಳು ಈ ಅಂಶಗಳನ್ನು ಗಮನಿಸಬೇಕೆಂದು ಸವಿನಯವಾಗಿ ಪ್ರಾರ್ಥಿಸುತ್ತೇನೆ.

ಮೊದಲನೆಯದಾಗಿ, ಪಟ್ಟಿ ಮಾಡದೆ ಯಾವ ಹಳೆಯ ಉಪಕರಣವನ್ನೂ ವಿಲೇವಾರಿ ಮಾಡಬಾರದು. ಪ್ರತಿಯೊಂದಕ್ಕೂ ಸಂಖ್ಯೆ, ಛಾಯಾಚಿತ್ರ, ಊರಿನ ಹಿರಿಯರು ಕರೆಯುವ ಹೆಸರು, ಸಿಕ್ಕಿದ ಜಾಗ ಇವಿಷ್ಟನ್ನು ಬರೆಯಬೇಕು. ಎರಡನೆಯದಾಗಿ, ಹುಣಿಸೆಹಣ್ಣು, ಆಮ್ಲ, ಉಪ್ಪುಕಾಗದಗಳಿಂದ ಉಜ್ಜಬಾರದು. ಮುದ್ರೆ, ಗೀಚು, ಹೆಸರುಗಳು ಅದರಿಂದ ಅಳಿಯುತ್ತವೆ. ಮೆತ್ತನೆಯ ಒಣಬಟ್ಟೆ ಸಾಕು. ಮೂರನೆಯದಾಗಿ, ಕಲ್ಲುಗಳನ್ನು ತೂಗಿ ಗ್ರಾಮುಗಳಲ್ಲಿಯೂ, ಲೋಹದ ಪಾತ್ರೆಗಳನ್ನು ನೀರಿನಿಂದ, ಮರದ ಕೊಳಗವನ್ನು ಒಣಧಾನ್ಯದಿಂದ ಅಳೆದು ಲೀಟರುಗಳಲ್ಲಿಯೂ ದಾಖಲಿಸಿ, ಆ ಪಟ್ಟಿಯ ಒಂದು ಪ್ರತಿಯನ್ನು ಹಳೆಯ ಲೆಕ್ಕದ ಪುಸ್ತಕಗಳ ಜೊತೆಯಲ್ಲಿಯೇ ಇಡಬೇಕು. ನಾಲ್ಕನೆಯದಾಗಿ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಇಂತಹ ವಸ್ತುಗಳು 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ವ್ಯಾಪ್ತಿಗೆ ಬರಬಹುದು. ಖಾಸಗಿಯವರು ಪುರಾವಸ್ತುಗಳನ್ನು ಹೊರದೇಶಕ್ಕೆ ಸಾಗಿಸುವುದಕ್ಕೆ ನಿಷೇಧವಿದೆ, ಅವುಗಳ ವ್ಯಾಪಾರಕ್ಕೆ ಪರವಾನಗಿ ಬೇಕು. ಆದುದರಿಂದ ಮಾರುವ ಮುನ್ನ ಪುರಾತತ್ತ್ವ ಇಲಾಖೆಯನ್ನು ವಿಚಾರಿಸುವುದು ಕ್ಷೇಮ. ಐದನೆಯದಾಗಿ, ಹಳೆಯ ಸೇರು ಕೊಳಗಗಳನ್ನು ಪ್ರದರ್ಶನಕ್ಕೆ ಇಡಬಹುದೇ ಹೊರತು ವ್ಯವಹಾರಕ್ಕೆ ಬಳಸಬಾರದು. 2009ರ ಕಾನೂನುಮಾಪನ ಶಾಸ್ತ್ರ ಕಾಯಿದೆಯಂತೆ ಪ್ರಮಾಣಿತ ತೂಕ ಅಳತೆಗಳಿಗೆ ಮಾತ್ರ ಅವಕಾಶವಿದೆ. ಇಡಲು ಸ್ಥಳವಿಲ್ಲದವರು ಹತ್ತಿರದ ವಸ್ತುಸಂಗ್ರಹಾಲಯಕ್ಕೆ ಪಟ್ಟಿಸಹಿತ ಒಪ್ಪಿಸುವುದು ಗುಜರಿಗೆ ಕೊಡುವುದಕ್ಕಿಂತ ಎಷ್ಟೋ ಮೇಲು.

ನಮ್ಮ ಬಸದಿಯ ಪಕ್ಕದ ಕೋಣೆಯಲ್ಲಿ ಈಗ ಒಂದು ಗಾಜಿನ ಬೀರು ಇದೆ. ಪೆಟ್ಟಿಗೆಯ ಸಾಮಾನುಗಳು ಅದರಲ್ಲಿವೆ. ಕೆಳಗಿನ ಅರೆಯಲ್ಲಿ ನಮ್ಮ ಮನೆಯ ಎರಡು ಸೇರುಗಳನ್ನು ಸಮಿತಿಯ ಒಪ್ಪಿಗೆ ಪಡೆದು ಇಟ್ಟಿದ್ದೇನೆ. ಮುಂದೆ ಒಂದು ಚೀಟಿಯಲ್ಲಿ ಎರಡರ ಅಳತೆಯನ್ನೂ, ಒಳತಳದ ತಗಡಿನ ವಿಷಯವನ್ನೂ, ಯಾವುದರಿಂದ ನಮ್ಮ ತಾಯಿಯವರು ಪರರಿಗೆ ಅಳೆಯುತ್ತಿದ್ದರೆಂಬುದನ್ನೂ ಬರೆದಿದ್ದೇನೆ. ತಾತನವರು ಛತ್ರ ಕಟ್ಟಿಸಿದ ವಿಷಯವನ್ನೂ ಬರೆದಿದ್ದೇನೆ, ಅದೂ ಸತ್ಯವೇ. ಅಣ್ಣನವರು ಪ್ರತಿ ಅಷ್ಟಮಿ ಚತುರ್ದಶಿಗೆ ಬಸದಿಗೆ ಬರುತ್ತಾರೆ. ಆ ಕೋಣೆಗೆ ಇನ್ನೂ ಕಾಲಿಟ್ಟಿಲ್ಲ. ಕಳೆದ ಪರ್ಯೂಷಣದಲ್ಲಿ ಮಾತ್ರ, ಅವರ ಮೊಮ್ಮಗಳು ಆ ಚೀಟಿಯನ್ನು ಗಟ್ಟಿಯಾಗಿ ಓದುತ್ತಿದ್ದಾಗ, ಬಾಗಿಲ ಹೊರಗೆ ನಿಂತು ಕೊನೆಯವರೆಗೂ ಕೇಳಿದರು.